ಕೌದಿಯ ಅಂದದ ಹೊಲಿಗೆಗೆ ಯಾವ ದಾರ, ಯಾವ ಸೂಜಿ?

ಪ್ರಶ್ನೆ: ಅಮ್ಮನ ಎರಡು ಹಳೆಯ ಇಳಕಲ್ ಸೀರೆ, ನನ್ನ ಒಂದಿಷ್ಟು ಕಾಟನ್ ಚೂಡಿದಾರ್ ಬಟ್ಟೆ ಸೇರಿಸಿ ಕೌದಿ ಮಾಡುತ್ತಿದ್ದೇನೆ. 5 ಅಡಿ ಅಗಲ, 7 ಅಡಿ ಉದ್ದ. ಒಳಗೆ ತೆಳು ಹತ್ತಿ ಹಾಸಿದ್ದೇನೆ. ಹೊಲಿಗೆ ಬಣ್ಣಬಣ್ಣವಾಗಿ ಎದ್ದು ಕಾಣಬೇಕು ಅಂತ ಆಸೆ. ಕಸೂತಿ ದಾರದ ಆರೂ ಎಳೆ ಹಾಗೇ ಪೋಣಿಸಿ ಹೊಲಿಯುತ್ತಿದ್ದೇನೆ. ಸ್ವಲ್ಪ ಹೊತ್ತಿಗೇ ದಾರ ಜುಂಗು ಜುಂಗಾಗುತ್ತೆ, ಸೂಜಿ ಬಟ್ಟೆಯಿಂದ ಆಚೆ ಬರಲ್ಲ, ಬೆರಳ ತುದಿ ಉರಿಯುತ್ತೆ. ಅಂಗಡಿಯಲ್ಲಿ ಕೇಳಿದರೆ ‘ಪರ್ಲ್’ ಅಂತ ದಾರದ ಉಂಡೆ ತೋರಿಸಿದರು. ಅದರಲ್ಲೂ 5, 8, 12 ಅಂತ ನಂಬರ್. ಸೂಜಿಗೂ ನಂಬರ್. ಯಾವುದಕ್ಕೆ ಯಾವುದು? ಟೈಲರ್ ದಾರದಲ್ಲೇ ಹೊಲಿದರೆ ಆಗಲ್ವಾ?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ದಾರ ಕೆಟ್ಟದ್ದಲ್ಲ, ಕೈ ಕೂಡ ಒರಟಲ್ಲ. ಆ ದಾರಕ್ಕೆ ನೀವು ಹಿಡಿದ ಸೂಜಿ ಸಣ್ಣದಾಯಿತು. ನೀವು ಬರೆದ ಮೂರು ತೊಂದರೆಗೂ ಇದೊಂದೇ ಕಾರಣ ಅಂತ ನನಗೆ ಅನ್ನಿಸುತ್ತೆ.

ಸೂಜಿ ಸಣ್ಣದಿದ್ದಷ್ಟೂ ಹೊಲಿಗೆ ನೀಟಾಗಿ ಬರುತ್ತೆ ಅಂತ ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ನನ್ನ ಹತ್ತಿರ ಕಲಿಯೋಕೆ ಬರುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಗುಂಡಿ ಹಾಕುವ ಸೂಜಿಯನ್ನೇ ತಂದಿರುತ್ತಾರೆ. ಆ ಸೂಜಿಯ ಕಣ್ಣಿಗೆ ಹೇಗೋ ದಾರ ತುರುಕಿದರೆ ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಆದರೆ ಸೂಜಿಯ ಕೆಲಸ ದಾರ ಹೊತ್ತುಕೊಂಡು ಹೋಗುವುದಷ್ಟೇ ಅಲ್ಲ. ದಾರ ಸಲೀಸಾಗಿ ನುಗ್ಗುವಷ್ಟು ದಾರಿ ಬಿಡಿಸಿಕೊಡುವುದೂ ಅದರದೇ ಕೆಲಸ.

ಒಂದು ಸಲ ಸೂಜಿಯ ಕಣ್ಣನ್ನು ಹತ್ತಿರದಿಂದ ನೋಡಿ. ಅಲ್ಲಿ ದಾರ ಮಡಚಿಕೊಂಡು ಜೋಡಿಯಾಗಿರುತ್ತೆ. ಬಟ್ಟೆಯ ತೂತಿನಲ್ಲಿ ಹೋಗಬೇಕಾದ್ದು ಆ ಜೋಡಿ. ತೂತು ಸಾಲದಿದ್ದರೆ ದಾರವೇ ನೂಲುಗಳನ್ನು ಒತ್ತರಿಸಿಕೊಂಡು ನುಗ್ಗಬೇಕಾಗುತ್ತೆ. ನೀವು ಜೋರಾಗಿ ಎಳೆಯುತ್ತೀರಿ, ಬೆರಳು ಉರಿಯುತ್ತೆ, ಅತ್ತ ದಾರದ ಮೈ ಉಜ್ಜಿ ಜುಂಗೇಳುತ್ತೆ.

ಎಷ್ಟು ಸಲ ಉಜ್ಜುತ್ತೆ ಅಂತ ಲೆಕ್ಕ ಹಾಕಿದರೆ ಆಶ್ಚರ್ಯ ಆಗುತ್ತೆ. ಒಂದು ಮೊಳ ದಾರ ತೆಗೆದುಕೊಂಡರೆ ಸುಮಾರು ಒಂದಡಿ ಸಾಲು ಹೊಲಿಯಬಹುದು. ಇಂಚಿಗೆ ಐದರಂತೆ 60 ಹೊಲಿಗೆ. ಪ್ರತಿ ಹೊಲಿಗೆಗೂ ಸೂಜಿ ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಅಂದರೆ ಕಣ್ಣಿನ ಹತ್ತಿರದ ದಾರ 120 ಸಲ ಆ ಪದರಗಳನ್ನು ದಾಟಿ ಬರುತ್ತೆ. ಗಂಟಿನ ಹತ್ತಿರದ ದಾರ ನಾಲ್ಕೈದು ಸಲ ಓಡಾಡಿ ಸುಮ್ಮನೆ ಕೂತುಬಿಡುತ್ತೆ. ಅದಕ್ಕೇ ನಿಮ್ಮ ಸಾಲಿನ ಆರಂಭದಲ್ಲಿ ಹೊಳಪು ಇದ್ದು, ಕೊನೆಯಲ್ಲಿ ಮಂಕಾಗಿ ಕಾಣುತ್ತೆ. ನೋಡಿ, ಹಾಗೇ ಆಗಿರುತ್ತೆ. ಪದೇ ಪದೇ ಪೋಣಿಸುವ ಬೇಸರಕ್ಕೆ ಎರಡು ಮಾರು ದಾರ ತೆಗೆದುಕೊಳ್ಳುವವರು ಇದ್ದಾರೆ. ದಯವಿಟ್ಟು ಬೇಡ. ಮೊಳ, ಇಲ್ಲಾಂದ್ರೆ ಮೊಳಕ್ಕೆ ನಾಲ್ಕು ಬೆರಳು ಜಾಸ್ತಿ. ಹೊಲಿಯುತ್ತಾ ಹೊಲಿಯುತ್ತಾ ಸೂಜಿಯನ್ನು ದಾರದ ಮೇಲೆ ಸ್ವಲ್ಪ ಸ್ವಲ್ಪ ಸರಿಸುತ್ತಿರಿ. ಆಗ ಒಂದೇ ಜಾಗ ಸವೆಯಲ್ಲ.

ಹಾಗಾದರೆ ದೊಡ್ಡ ಸೂಜಿ ತಂದರೆ ಆಯಿತಲ್ಲ ಅನ್ನಬೇಡಿ. ತೀರಾ ದೊಡ್ಡದಾದರೆ ತೂತು ಹಾಗೇ ಉಳಿದು, ದಾರದ ಸುತ್ತ ಒಂದು ಬಿಳಿ ಬಳೆಯ ಹಾಗೆ ಕಾಣುತ್ತೆ. ಅಮ್ಮನ ಹಳೆಯ ಸೀರೆಯಲ್ಲಿ ನೂಲೇ ಕಡಿದುಹೋಗಬಹುದು. ಮೊದಲು ಬಟ್ಟೆ ನೋಡಬೇಕು. ಬಟ್ಟೆ ನೋಡಿ ದಾರ, ದಾರ ನೋಡಿ ಸೂಜಿ. ಸೂಜಿ ಮೊದಲೇ ಮನೆಯಲ್ಲಿದೆ ಅಂತ ಅದಕ್ಕೆ ಹೊಂದುವ ದಾರ ಹುಡುಕಿದರೆ ಎಲ್ಲ ತಿರುಗುಮುರುಗಾಗುತ್ತೆ.

ಈಗ ನಿಮ್ಮ ಬಟ್ಟೆಯ ವಿಷಯ. ಇಳಕಲ್ ಸೀರೆ ಅಂದಿರಿ. ಆ ಒಂದು ಸೀರೆಯೊಳಗೇ ಬೇರೆ ಬೇರೆ ಬಟ್ಟೆ ಇದೆ. ಮೈ ಹತ್ತಿಯದಾದರೆ, ತೊಳೆದು ತೊಳೆದು ಬೆಣ್ಣೆಯ ಹಾಗೆ ಮೆತ್ತಗಾಗಿರುತ್ತೆ. ಸೂಜಿ ಇಟ್ಟರೆ ಸಾಕು, ಇಳಿಯುತ್ತೆ. ಸೆರಗು ಮತ್ತು ದಡಿ ರೇಷ್ಮೆ ಅಥವಾ ಆರ್ಟ್ ಸಿಲ್ಕ್, ನೇಯ್ಗೆ ಒತ್ತು. ಮೈಯನ್ನೂ ಸೆರಗನ್ನೂ ಕೂಡಿಸುವ ಕಡೆ ಹಾಸಿನ ನೂಲುಗಳನ್ನು ಕೊಂಡಿ ಹಾಕಿ ಜೋಡಿಸಿರುತ್ತಾರಲ್ಲ, ಆ ಗೆರೆಯ ಮೇಲೆ ಬಟ್ಟೆ ಇನ್ನೂ ದಪ್ಪ. ನೀವು ಮೈ ಮೇಲೆ ಸಲೀಸಾಗಿ ಹೊಲಿದು, ಸೆರಗಿಗೆ ಬಂದ ಕೂಡಲೇ ಕಷ್ಟಪಟ್ಟಿರಬೇಕು. ಕೊಂಡಿಯ ಗೆರೆ ಬಂದಾಗ ಸಾಲನ್ನು ಅದರ ಮೇಲೆಯೇ ಓಡಿಸಬೇಡಿ. ಅರ್ಧ ಇಂಚು ಆಚೆಗೋ ಈಚೆಗೋ ಸರಿಸಿ. ಗೆರೆಯನ್ನು ಅಡ್ಡ ದಾಟಲೇಬೇಕಾದರೆ ಅಲ್ಲಿ ಒಂದೊಂದೇ ಹೊಲಿಗೆ ಹಾಕಿ. ನಾಲ್ಕೈದನ್ನು ಸೂಜಿಗೆ ಏರಿಸಿ ಒಟ್ಟಿಗೆ ಎಳೆಯಲು ಹೋದರೆ ಸೂಜಿ ಬಾಗುತ್ತೆ.

ದಾರಕ್ಕೆ ಬರೋಣ. ನೀವು ಬಳಸಿದ್ದು ಆರು ಎಳೆಯ ಕಸೂತಿ ದಾರ, ಲಡಿಯಲ್ಲಿ ಬರುವುದು. ಆ ಆರು ಎಳೆಗಳು ಒಂದಕ್ಕೊಂದು ಗಟ್ಟಿಯಾಗಿ ಹೊಸೆದುಕೊಂಡಿರಲ್ಲ. ಬೇಕಾದಷ್ಟು ಬಿಡಿಸಿಕೊಳ್ಳಲಿ ಅಂತಲೇ ಹಾಗೆ ಮಾಡಿರುತ್ತಾರೆ. ಹೂವು, ಎಲೆ ತುಂಬುವಾಗ ಎಳೆಗಳು ಪಕ್ಕಪಕ್ಕ ಹರಡಿಕೊಂಡು ಮಲಗುತ್ತವೆ, ಚೆಂದ ಕಾಣುತ್ತೆ. ಕೌದಿಯ ಓಟದ ಹೊಲಿಗೆಯಲ್ಲಿ (ರನ್ನಿಂಗ್ ಸ್ಟಿಚ್) ಅದೇ ಗುಣ ತೊಂದರೆ ಕೊಡುತ್ತೆ. ಒಂದು ಎಳೆ ಹಿಂದೆ ಉಳಿಯುತ್ತೆ, ಇನ್ನೊಂದು ಕುಣಿಕೆಯಾಗಿ ಮೇಲೇಳುತ್ತೆ. ಮಗುವಿನ ಕಾಲ್ಬೆರಳೋ ಬಳೆಯೋ ಸಿಕ್ಕಿಕೊಂಡರೆ ಮುಗಿಯಿತು.

ಅಂಗಡಿಯವರು ತೋರಿಸಿದ ಪರ್ಲ್ ದಾರ ಹಾಗಲ್ಲ. ಅದು ಎರಡು ಎಳೆಗಳನ್ನು ಗಟ್ಟಿಯಾಗಿ ಹೊಸೆದು ಮಾಡಿದ್ದು, ಬಿಡಿಸುವಂಥದ್ದಲ್ಲ. ಹತ್ತಿರದಿಂದ ನೋಡಿದರೆ ಸಣ್ಣ ಹಗ್ಗದ ಹಾಗೆ, ಮುತ್ತಿನ ಸಾಲಿನ ಹಾಗೆ ಉಬ್ಬು ಕಾಣುತ್ತೆ. ಹೊಲಿಗೆ ಬಟ್ಟೆಯ ಮೇಲೆ ಕಾಳಿನ ಹಾಗೆ ಎದ್ದು ಕೂರುತ್ತೆ. ನೀವು ಕೇಳಿದ ಅಂದ ಇದೇ. ಆ ಹೊಳಪು ಮೇಲೆ ಹಚ್ಚಿದ್ದಲ್ಲ. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಹಾಯಿಸುವ ವಿಧಾನವನ್ನು ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಕಂಡುಕೊಂಡರು. ಅದರಿಂದ ನೂಲಿಗೆ ಗಟ್ಟಿತನ ಬಂತು, ಬಣ್ಣವೂ ಚೆನ್ನಾಗಿ ಹಿಡಿಯಿತು. ನೂಲನ್ನು ಬಿಗಿಯಾಗಿ ಎಳೆದು ಹಿಡಿದುಕೊಂಡೇ ಹೀಗೆ ಮಾಡಿದರೆ ರೇಷ್ಮೆಯಂಥ ಹೊಳಪು ಬರುತ್ತೆ ಅಂತ 1890ರಲ್ಲಿ ಹೊರೇಸ್ ಲೋ ತೋರಿಸಿದರು. ಲೇಬಲ್ ಮೇಲೆ ‘ಮರ್ಸರೈಸ್ಡ್’ ಅಂತ ಇರುವುದು ಇದಕ್ಕೇ. ನೂಲಿನ ಗುಣವೇ ಆದ್ದರಿಂದ ತೊಳೆದರೂ ಹೋಗಲ್ಲ.

ನಂಬರ್ ವಿಷಯದಲ್ಲಿ ಒಂದು ಮಾತು ನೆನಪಿರಲಿ. ಕೈಹೊಲಿಗೆಯ ದಾರದಲ್ಲೂ ಸೂಜಿಯಲ್ಲೂ ನಂಬರ್ ಏರಿದಷ್ಟೂ ಸಣ್ಣ. ಪರ್ಲ್ 5 ದಪ್ಪ, 8 ಮಧ್ಯಮ, 12 ಸಣ್ಣ. ಹೊಲಿಗೆ ಯಂತ್ರದ ಸೂಜಿ ಮಾತ್ರ ಇದಕ್ಕೆ ತದ್ವಿರುದ್ಧ. ಅದರ 90 ಅಂದರೆ 0.9 ಮಿಲಿಮೀಟರ್ ದಪ್ಪ, ಹಾಗಾಗಿ 70ಕ್ಕಿಂತ 90 ದಪ್ಪ. ಯಂತ್ರದಲ್ಲಿ ಹೊಲಿದು ಅಭ್ಯಾಸ ಇರುವವರು ಇಲ್ಲಿಯೇ ಎಡವುತ್ತಾರೆ.

ನಿಮ್ಮ ಕೌದಿಗೆ ನಾನು ಹೇಳುವುದು ಪರ್ಲ್ 8. ಕಣ್ಮುಚ್ಚಿ ಅದನ್ನೇ ತನ್ನಿ. ಹೊಲಿಗೆ ಅಕ್ಕಿಕಾಳಿನಷ್ಟು ಉದ್ದ ಇದ್ದರೆ, ಅಂದರೆ ಇಂಚಿಗೆ ನಾಲ್ಕೈದು, 8ರ ದಪ್ಪ ಅದಕ್ಕೆ ಸರಿಯಾಗಿ ಹೊಂದುತ್ತೆ. ಹೊಲಿಗೆ ಸಣ್ಣ ಮಾಡಿ ದಾರ ದಪ್ಪ ಇಟ್ಟರೆ ಅಕ್ಕಿಯ ಬದಲು ಮಣಿ ಮಣಿಯಾಗಿ ಗಂಟಿನ ಹಾಗೆ ಕಾಣುತ್ತೆ. ಹೊಲಿಗೆ ಉದ್ದ ಮಾಡಿ ದಾರ ಸಣ್ಣ ಇಟ್ಟರೆ ಕಚ್ಚಾ ಹೊಲಿಗೆ ಹಾಕಿ ಬಿಚ್ಚೋಕೆ ಮರೆತ ಹಾಗಿರುತ್ತೆ. ಪರ್ಲ್ 12 ಬೇಕಾಗುವುದು ಇಂಚಿಗೆ ಆರೇಳು ಹೊಲಿಗೆ ಹಾಕಬಲ್ಲ ಕೈಗೆ, ಅಥವಾ ಬಟ್ಟೆ ತೀರಾ ನವಿರಾಗಿದ್ದಾಗ. ನಿಮ್ಮ ಸೆರಗಿನ ತುಂಡುಗಳಿಗೆ 12 ಇಟ್ಟುಕೊಳ್ಳಬಹುದು. ಮೈಗೆ 8, ಸೆರಗಿಗೆ 12 ಅಂತ ಒಂದೇ ಬಣ್ಣದಲ್ಲಿ ಎರಡು ದಪ್ಪ ಬಳಸಿದ ಕೌದಿಗಳು ನನಗೆ ತುಂಬಾ ಇಷ್ಟ. ದೂರದಿಂದ ಗೊತ್ತಾಗಲ್ಲ, ಕೈ ಆಡಿಸಿದಾಗ ಗೊತ್ತಾಗುತ್ತೆ. ಪರ್ಲ್ 5 ಈ ಕೆಲಸಕ್ಕೆ ಬೇಡ. ಖಾದಿಯ ಹಾಗೆ ಸಡಿಲ ನೇಯ್ಗೆಯ ಬಟ್ಟೆ, ದೊಡ್ಡ ದೊಡ್ಡ ಹೊಲಿಗೆ ಇದ್ದಾಗ ಅದು ಚೆಂದ. ಒತ್ತು ನೇಯ್ಗೆಯಲ್ಲಿ ಹೊಲಿದರೆ ಬಟ್ಟೆ ಸುತ್ತಲೂ ಮುದುಡಿಕೊಳ್ಳುತ್ತೆ.

ಕೊಂಡ ಲಡಿಗಳು ದಂಡ ಆಗುತ್ತವೆ ಅನ್ನಿಸಿದರೆ ಅವುಗಳಲ್ಲೂ ಹೊಲಿಯಬಹುದು. ಆರು ಎಳೆ ಬೇಡ, ಮೂರು ಸಾಕು. ಮೊಳದಷ್ಟು ಕತ್ತರಿಸಿ, ಮೂರೂ ಎಳೆಗಳನ್ನು ಒಂದೊಂದಾಗಿ ಬೇರೆ ಮಾಡಿ, ಮತ್ತೆ ಜೋಡಿಸಿ ಪೋಣಿಸಿ. ಈ ಒಂದು ನಿಮಿಷದ ಕೆಲಸದಿಂದ ಎಳೆಗಳು ಸುರುಳಿಯಾಗದೆ ಜೊತೆಜೊತೆಯಾಗಿ ಹೋಗುತ್ತವೆ.

ಎಷ್ಟು ಬೇಕಾಗುತ್ತೆ ಅಂತಲೂ ಈಗಲೇ ಲೆಕ್ಕ ಹಾಕಿಬಿಡೋಣ, ಅರ್ಧಕ್ಕೆ ಬಣ್ಣ ಸಿಗದೆ ಹೋದರೆ ತುಂಬಾ ಬೇಜಾರಾಗುತ್ತೆ. 60 ಇಂಚು ಅಗಲದಲ್ಲಿ ಇಂಚಿಗೊಂದು ಸಾಲು ಅಂದರೆ 60 ಸಾಲು. ಒಂದೊಂದು 84 ಇಂಚು. ಒಟ್ಟು 5,040 ಇಂಚು, ಅಂದರೆ 128 ಮೀಟರ್. ದಾರ ಮೇಲೆ ಕೆಳಗೆ ಓಡಾಡುವುದು, ಶುರು ಮತ್ತು ಕೊನೆಯ ತುಂಡು ಎಲ್ಲ ಸೇರಿ ನಾನು ಯಾವಾಗಲೂ ಒಂದೂವರೆ ಪಟ್ಟಿಗೆ ಸ್ವಲ್ಪ ಕಡಿಮೆ ಹಿಡಿಯುತ್ತೇನೆ. ಅಲ್ಲಿಗೆ ಸುಮಾರು 180 ಮೀಟರ್. ಪರ್ಲ್ 8ರ 10 ಗ್ರಾಂ ಉಂಡೆಯಲ್ಲಿ 80 ಮೀಟರ್ ಆಸುಪಾಸು ಇರುತ್ತೆ. ಮೂರು ಉಂಡೆ ತಂದರೆ ಮುಗಿದು ಮಿಗುತ್ತೆ. ಅದೇ ಲಡಿಯ ದಾರ 8 ಮೀಟರ್ ಇರುತ್ತೆ. ಮೂರು ಮೂರು ಎಳೆ ಮಾಡಿಕೊಂಡರೆ 16 ಮೀಟರ್. ಹನ್ನೆರಡು ಲಡಿ ಬೇಕು. ಒಂದೇ ಬಣ್ಣ ಜಾಸ್ತಿ ಬೇಕಿದ್ದಾಗ ಒಂದೇ ಸಲ, ಒಂದೇ ಲಾಟ್ ನಂಬರಿನದು, ಅಂದರೆ ಒಟ್ಟಿಗೆ ಬಣ್ಣ ಹಾಕಿದ್ದು, ತನ್ನಿ. ಬಣ್ಣದ ನಂಬರ್ ಒಂದೇ ಆದರೂ ಬೇರೆ ಬೇರೆ ಲಾಟಿನಲ್ಲಿ ಬಣ್ಣದ ಕಡು-ತಿಳಿಯಲ್ಲಿ ಕೂದಲೆಳೆಯ ವ್ಯತ್ಯಾಸ ಇರಬಹುದು. ದೊಡ್ಡ ಹಾಸಿನ ಮೇಲೆ ಅದು ಪಟ್ಟೆಯಾಗಿ ಕಾಣಿಸುತ್ತೆ.

ಟೈಲರ್ ದಾರದ ಬಗ್ಗೆ ಕೇಳಿದಿರಿ. ಈಗ ಅಂಗಡಿಯಲ್ಲಿ ಸಿಗುವ ಟೈಲರ್ ದಾರ ಹೆಚ್ಚಾಗಿ ಪಾಲಿಯೆಸ್ಟರ್. ಗಟ್ಟಿ, ಸಣ್ಣ, ಅಗ್ಗ. ತುಂಡುಗಳನ್ನು ಒಂದಕ್ಕೊಂದು ಜೋಡಿಸೋಕೆ ಧಾರಾಳವಾಗಿ ಬಳಸಿ. ಮೇಲೆ ಕಾಣುವ ಹೊಲಿಗೆಗೆ ನಾನು ಬೇಡ ಅನ್ನುತ್ತೇನೆ, ಎರಡು ಕಾರಣಕ್ಕೆ. ಒಂದು, ಸಣ್ಣ ದಾರ ಬಟ್ಟೆಯೊಳಗೆ ಹೂತುಹೋಗುತ್ತೆ, ಬಣ್ಣ ಕಾಣಲ್ಲ. ಎರಡನೆಯದು ನನಗೆ ಮುಖ್ಯ. ಕೌದಿಯನ್ನು ಎಳೆದಾಡಿದಾಗ ದಾರವೋ ಬಟ್ಟೆಯೋ ಒಂದು ಸೋಲಲೇಬೇಕು. ದಾರ ತುಂಡಾದರೆ ಹತ್ತು ನಿಮಿಷದಲ್ಲಿ ಮತ್ತೆ ಹೊಲಿಯಬಹುದು. ಅಮ್ಮನ ಸೀರೆ ಹರಿದರೆ ಅದು ಮತ್ತೆ ಬರಲ್ಲ. ಅದಕ್ಕೇ ಹಳೆಯ ಹತ್ತಿ ಸೀರೆಗೆ ಹತ್ತಿಯ ದಾರವೇ ಇರಲಿ. ಬಂಗಾಳದ ಕಾಂತಾ ಹೊಲಿಗೆಯಲ್ಲಿ ಹಿಂದೆ ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ನೂಲು ಬಿಡಿಸಿಕೊಂಡು ಹೊಲಿಯುತ್ತಿದ್ದರು. ಬಟ್ಟೆ, ದಾರ ಎರಡೂ ಒಂದೇ ಮನೆಯವು ಆದ ಹಾಗಾಯಿತು. ಎಷ್ಟು ಚೆಂದದ ಯೋಚನೆ ಅಲ್ವಾ?

ಉಳಿದ ದಾರಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕೈಯಲ್ಲಿ ಕ್ವಿಲ್ಟ್ (ಕೌದಿಯಂಥದೇ ಪದರದ ಹೊದಿಕೆ) ಹೊಲಿಯೋಕೆ ಅಂತಲೇ ಮೇಣದ ಹಾಗೆ ನುಣುಪು ಲೇಪ ಕೊಟ್ಟ ಕಾಟನ್ ದಾರ ಸಿಗುತ್ತೆ. ಸುಕ್ಕಾಗಲ್ಲ, ಗಂಟಾಗಲ್ಲ, ಇಂಚಿಗೆ ಎಂಟರಿಂದ ಹನ್ನೆರಡು ಹೊಲಿಗೆಯ ಸೂಕ್ಷ್ಮ ಕೆಲಸಕ್ಕೆ ಅದು ಬೇಕು. ಅದನ್ನು ಯಂತ್ರಕ್ಕೆ ಹಾಕಬೇಡಿ, ಲೇಪ ಉದುರಿ ಯಂತ್ರ ಕೆಡುತ್ತೆ. ಜಪಾನಿನ ಸಾಶಿಕೋ ದಾರ ಹೊಳಪಿಲ್ಲದ್ದು, ಹಳೆಯ ಕೌದಿಯ ಸರಳ ಕಳೆ ಬೇಕಾದವರಿಗೆ ಒಳ್ಳೆಯದು. ರೇಯಾನ್ ಕಸೂತಿ ದಾರ ಜಾರುತ್ತೆ, ಗಂಟು ನಿಲ್ಲಲ್ಲ. ಜರಿ ದಾರವನ್ನು ಬಟ್ಟೆಯೊಳಗೆ ಎಳೆದಾಡಿದರೆ ಸಿಪ್ಪೆ ಏಳುತ್ತೆ. ಬೇಕೇ ಬೇಕು ಅಂದರೆ ಬಟ್ಟೆಯ ಮೇಲೆ ಮಲಗಿಸಿ, ಬೇರೆ ಸಣ್ಣ ದಾರದಿಂದ ಅಲ್ಲಲ್ಲಿ ಕಟ್ಟಿ ಹಿಡಿಯಿರಿ. ಹಾಸಿ ಹೊದೆಯುವ ಕೌದಿಗೆ ಅದೂ ಬೇಡ, ಮೈಗೆ ಚುಚ್ಚುತ್ತೆ.

ಇನ್ನು ಸೂಜಿ. ನಿಮಗೆ ಬೇಕಾದ್ದು ಉದ್ದ ಕಣ್ಣು, ಚೂಪು ಮೊನೆ. ಇಂಥವು ಎರಡು ಜಾತಿ. ಒಂದು ಎಂಬ್ರಾಯಿಡರಿ ಸೂಜಿ, ಪ್ಯಾಕೆಟ್ ಮೇಲೆ ಕ್ರೂವೆಲ್ ಅಂತಲೂ ಇರುತ್ತೆ. ಇನ್ನೊಂದು ಚೆನಿಲ್ ಸೂಜಿ. ಇದು ಕೊಂಚ ಗಿಡ್ಡ, ಮೈ ದಪ್ಪ, ಕಣ್ಣು ಇನ್ನೂ ದೊಡ್ಡದು. ಟ್ಯಾಪೆಸ್ಟ್ರಿ ಸೂಜಿ ನೋಡೋಕೆ ಥೇಟ್ ಚೆನಿಲ್ ಥರ, ಆದರೆ ಮೊನೆ ಮೊಂಡು. ಅಂಗಡಿಯಲ್ಲಿ ಇವೆರಡು ಅದಲುಬದಲಾಗುವುದು ಜಾಸ್ತಿ. ಮೊನೆಯನ್ನು ಬೆರಳಿಗೆ ತಾಗಿಸಿ ನೋಡಿಯೇ ತನ್ನಿ. ಮೊಂಡು ಸೂಜಿ ಉಲ್ಲನ್ ಕೆಲಸಕ್ಕೆ, ಕೌದಿಯ ಪದರ ದಾಟಲ್ಲ.

ಪರ್ಲ್ 8ಕ್ಕೆ ಕ್ರೂವೆಲ್ 3, 4 ಅಥವಾ 5. ಚೆನಿಲ್ ಆದರೆ 22 ಅಥವಾ 24. ಪರ್ಲ್ 12ಕ್ಕೆ ಕ್ರೂವೆಲ್ 5ರಿಂದ 7. ಮೂರು ಎಳೆ ಕಸೂತಿ ದಾರಕ್ಕೆ ಕ್ರೂವೆಲ್ 5 ಅಥವಾ 6. ನೀವು ಆರು ಎಳೆ ಪೋಣಿಸಿದ್ದಕ್ಕೆ ಕ್ರೂವೆಲ್ 1 ಅಥವಾ 2 ಬೇಕಿತ್ತು. ಒಂದು ಜಾತಿಯ ನಂಬರನ್ನು ಇನ್ನೊಂದು ಜಾತಿಯ ಜೊತೆ ಹೋಲಿಸಬೇಡಿ. ಚೆನಿಲ್ 24 ಅನ್ನೋದು ಕ್ರೂವೆಲ್ 10ಕ್ಕಿಂತ ದಪ್ಪ. ಪ್ಯಾಕೆಟ್ ಮೇಲೆ 3/9 ಅಂತ ಇದ್ದರೆ 3ರಿಂದ 9ರವರೆಗಿನ ಸೂಜಿಗಳು ಕಲೆತಿವೆ ಅಂತ ಅರ್ಥ. ಮೊದಲ ಸಲ ಇಂಥದ್ದೇ ಒಂದು ತನ್ನಿ. ಯಾವುದು ನಿಮ್ಮ ಕೈಗೆ ಒಗ್ಗಿತು ಅಂತ ಗೊತ್ತಾದ ಮೇಲೆ ಆ ಒಂದು ನಂಬರಿನದೇ ಪ್ಯಾಕೆಟ್ ಕೊಳ್ಳಿ. ನಮ್ಮಲ್ಲಿ ಸುಲಭವಾಗಿ ಸಿಗುವುದು ಪೋನಿ ಸೂಜಿ. ನೀಲಗಿರಿಯ ಕೇತಿ ಹತ್ತಿರ 1949ರಲ್ಲಿ ಶುರುವಾದ ಕಾರ್ಖಾನೆಯದು. ಈ ಕೆಲಸಕ್ಕೆ ಅದು ಚೆನ್ನಾಗಿಯೇ ನಡೆಯುತ್ತೆ, ವಿದೇಶದ ದುಬಾರಿ ಸೂಜಿಯೇ ಆಗಬೇಕು ಅಂತಿಲ್ಲ.

ಬಿಟ್ವೀನ್ಸ್ ಅಂತ ಪುಟಾಣಿ ಸೂಜಿಗಳನ್ನು ಕ್ವಿಲ್ಟಿಂಗ್ ಸೂಜಿ ಅಂತ ಮಾರುತ್ತಾರೆ. ಹೆಸರು ಕೇಳಿ ಮೋಸ ಹೋಗಬೇಡಿ. ಅವು ನಾನು ಆಗ ಹೇಳಿದ ಲೇಪದ ದಾರಕ್ಕೆ, ಸೂಕ್ಷ್ಮ ಹೊಲಿಗೆಗೆ. 9, 10 ನಂಬರಿನ ಬಿಟ್ವೀನ್ಸ್ ಕಣ್ಣಿಗೆ ಪರ್ಲ್ 8 ಹೋಗುವುದೇ ಇಲ್ಲ. ಇನ್ನು ಮನೆಯಲ್ಲಿ ಅಜ್ಜಿಯ ಕಾಲದ ದಬ್ಬಳ ಇದ್ದರೆ ಅದನ್ನು ಗೋಣಿಚೀಲಕ್ಕೇ ಇಡಿ. ಐದಾರು ಪದರದ ಭಾರದ ಕೌದಿಗೆ ಅದು ನಡೆಯುತ್ತಿತ್ತು, ನಿಮ್ಮ ಸೀರೆಯಲ್ಲಿ ಕಿಂಡಿ ಮಾಡುತ್ತೆ.

ಸೂಜಿ ಸರಿ ಇದೆಯೋ ಇಲ್ಲವೋ ಅಂತ ತಿಳಿಯೋಕೆ ನಂಬರಿಗಿಂತ ಕೈ ಒಳ್ಳೆಯದು. ಪೋಣಿಸಿದ ಸೂಜಿಯನ್ನು ನಿಮ್ಮದೇ ಬಟ್ಟೆ, ಹತ್ತಿ, ಹಿಂಬಟ್ಟೆ ಮೂರೂ ಇರುವ ಚೂರಿನಲ್ಲಿ ಇಳಿಸಿ. ಸೂಜಿಯ ಮೈ ಸುಮ್ನೆ ಜಾರಬೇಕು. ಕಣ್ಣು ದಾಟುವಾಗ ಒಂದು ಸಣ್ಣ ತಡೆ, ‘ಟಪ್’ ಅಂತ ಬಿಡುಗಡೆ. ಆಮೇಲೆ ದಾರ ಸದ್ದಿಲ್ಲದೆ ಹಿಂದೆ ಬರಬೇಕು. ಕಣ್ಣಿನ ಹತ್ತಿರ ಜಗ್ಗಾಡಬೇಕಾದರೆ ಒಂದು ನಂಬರ್ ದಪ್ಪ ಸೂಜಿ ಹಿಡಿಯಿರಿ. ಯಾವ ತಡೆಯೂ ಇಲ್ಲದೆ ಬಂದು, ದಾರದ ಸುತ್ತ ತೂತು ಕಂಡರೆ ಒಂದು ನಂಬರ್ ಸಣ್ಣದು. ದಾರ ಬಟ್ಟೆಯಲ್ಲಿ ‘ಸರ್ರ್’ ಅಂತ ಜೋರು ಸದ್ದು ಮಾಡುತ್ತಿದ್ದರೆ ಅದು ಉಜ್ಜುತ್ತಿದೆ ಅಂತಲೇ ಅರ್ಥ.

ದಪ್ಪ ದಾರ ಪೋಣಿಸೋಕೆ ಎಂಜಲು ಹಚ್ಚಿ ಚೂಪು ಮಾಡಬೇಡಿ, ಹತ್ತಿ ಉಬ್ಬುತ್ತೆ. ದಾರದ ತುದಿಯನ್ನು ಓರೆಯಾಗಿ ಕತ್ತರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಕಂಡೂ ಕಾಣದಷ್ಟು ಹೊರಗಿಟ್ಟು ಗಟ್ಟಿಯಾಗಿ ಹಿಡಿದು, ಸೂಜಿಯ ಕಣ್ಣನ್ನು ಅದರ ಮೇಲೆ ತನ್ನಿ. ಹೋಗದಿದ್ದರೆ ಸೂಜಿಯನ್ನು ಮಗ್ಗುಲು ತಿರುಗಿಸಿ ನೋಡಿ. ಕಣ್ಣನ್ನು ಅಚ್ಚು ಒತ್ತಿ ಮಾಡಿರುವುದರಿಂದ ಒಂದು ಕಡೆ ಸ್ವಲ್ಪ ಹೆಚ್ಚು ತೆರೆದಿರುತ್ತೆ. ಉಂಡೆಯಿಂದ ಬಂದ ತುದಿಯನ್ನು ಸೂಜಿಗೆ, ಕತ್ತರಿಸಿದ ತುದಿಯನ್ನು ಗಂಟಿಗೆ. ಇದು ನನ್ನ ರೂಢಿ, ದಾರ ನಯವಾಗಿ ಹೋಗುತ್ತೆ. ಹತ್ತು ಹದಿನೈದು ಹೊಲಿಗೆಗೊಮ್ಮೆ ಸೂಜಿಯನ್ನು ಕೈಬಿಟ್ಟು ತೂಗಾಡಿಸಿ. ಗಿರಗಿರ ತಿರುಗಿ ದಾರದ ಮುರಿ ಬಿಚ್ಚಿಕೊಳ್ಳುತ್ತೆ. ಪರ್ಲ್ ದಾರಕ್ಕೆ ಜೇನುಮೇಣ ಹಚ್ಚಬೇಡಿ. ಹೊಳಪು ಸಾಯುತ್ತೆ, ಧೂಳು ಅಂಟುತ್ತೆ.

ಬೆರಳಿನ ಉರಿಗೆ ಅರ್ಧ ಮದ್ದು ಸರಿಯಾದ ಸೂಜಿಯೇ. ಉಳಿದರ್ಧಕ್ಕೆ ಸೂಜಿ ತಳ್ಳುವ ಬೆರಳಿಗೆ ಥಿಂಬಲ್ (ಬೆರಳ ತುದಿಗೆ ಹಾಕುವ ಪುಟ್ಟ ಟೊಪ್ಪಿ) ಹಾಕಿ. ಎಳೆಯುವಾಗ ಜಾರಿದರೆ ಹಳೆಯ ಬಲೂನಿನ ಒಂದು ತುಂಡಿನಿಂದ ಸೂಜಿ ಹಿಡಿದು ಎಳೆಯಿರಿ. ಹಲ್ಲಿನಿಂದ ಮಾತ್ರ ಎಳೆಯಬೇಡಿ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ತಂಗಿಯ ಮಗುವಿಗೆ ಅಂತ ಒಂದು ಸಲ ಬಿಳಿ ಮಲ್ ಬಟ್ಟೆಯ ಪುಟ್ಟ ಕೌದಿ ಹೊಲಿದಿದ್ದೆ. ಒಂದು ಅಂಗಡಿಯಲ್ಲಿ ಲೇಬಲ್ ಇಲ್ಲದ ಕೆಂಪು ದಾರ ಬಿಡಿಯಾಗಿ ಸಿಕ್ಕಿತು. ಎಂಥ ಕೆಂಪು ಅಂತೀರಿ, ಕುಂಕುಮದ ಹಾಗೆ. ಒಂದು ತಿಂಗಳು ಕೂತು ಹೊಲಿದೆ. ಮೊದಲನೇ ಒಗೆತಕ್ಕೇ ಪ್ರತಿ ಹೊಲಿಗೆಯ ಸುತ್ತ ಗುಲಾಬಿ ಕಲೆ ಹರಡಿತು. ಏನು ಮಾಡಿದರೂ ಹೋಗಲಿಲ್ಲ. ಅವತ್ತು ಬಚ್ಚಲಲ್ಲಿ ಕೂತು ಅತ್ತಿದ್ದು ಇನ್ನೂ ನೆನಪಿದೆ. ಅದಕ್ಕೆ ಹೇಳುತ್ತಿದ್ದೇನೆ. ಕೆಂಪು, ಕಡುನೀಲಿ, ಕಪ್ಪು ಯಾವುದೇ ಇರಲಿ, ಗೇಣುದ್ದ ತುಂಡು ಮಾಡಿ ಬಿಸಿನೀರಿನಲ್ಲಿ ನೆನೆಸಿ. ಬಿಳಿ ಬಟ್ಟೆಯ ಮಡಿಕೆಯಲ್ಲಿಟ್ಟು ಒದ್ದೆ ಇರುವಾಗಲೇ ಇಸ್ತ್ರಿ ಒತ್ತಿ. ಬಟ್ಟೆ ಬಿಳಿಯಾಗೇ ಇದ್ದರೆ ಆ ದಾರ ನಂಬಬಹುದು. ನಿಮ್ಮ ಇಳಕಲ್ ಸೆರಗಿನ ಕೆಂಪನ್ನೂ ಇದೇ ಥರ ಪರೀಕ್ಷೆ ಮಾಡಿ. ಹಳೆಯದು, ಹತ್ತಾರು ಸಲ ಒಗೆದದ್ದು ಅಂತ ಬಿಟ್ಟುಬಿಡಬೇಡಿ.

ಇನ್ನೊಂದು, ತಿಳಿ ಬಣ್ಣದ ಬಟ್ಟೆಯಲ್ಲಿ ಕಡು ದಾರವನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಒಳಗಿಂದ ಒಯ್ದರೆ ಮೇಲಿಂದ ನೆರಳಿನ ಹಾಗೆ ಕಾಣುತ್ತೆ. ಅಲ್ಲಿ ಕತ್ತರಿಸಿ ಹೊಸದಾಗಿ ಶುರು ಮಾಡಿ. ನೀವು ಇದೇ ಮೊದಲ ಸಲ ಹೊಲಿಯುತ್ತಿದ್ದರೆ ಪೂರ್ತಿ ಎದುರು ಬಣ್ಣಕ್ಕೆ ಹೋಗದೆ, ಬಟ್ಟೆಯ ಬಣ್ಣಕ್ಕಿಂತ ಎರಡು ಮೆಟ್ಟಿಲು ಕಡುವಾದದ್ದು ಆರಿಸಿ. ಎದ್ದೂ ಕಾಣುತ್ತೆ, ಸೊಟ್ಟ ಬಂದದ್ದು ಅಷ್ಟಾಗಿ ಕಣ್ಣಿಗೆ ಹೊಡೆಯಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಡೆ ಸಿದ್ದಿ ಹೆಣ್ಣುಮಕ್ಕಳು ಮಾಡುವ ಕೌದಿ ನೋಡಿದ್ದೀರಾ? ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಫೂಲ ಅಂತ ಮಡಚಿದ ಬಟ್ಟೆಯ ಹೂ ಕೂರಿಸುತ್ತಾರೆ. ದಪ್ಪ ದಾರದ ಹೊಲಿಗೆಯ ಸಾಲುಗಳು ನೀರಿನ ಅಲೆಯ ಹಾಗೆ ಒಂದರ ಪಕ್ಕ ಒಂದು ಹೋಗುತ್ತವೆ. ಸ್ಕೇಲ್ ಇಟ್ಟು ಗೆರೆ ಎಳೆದದ್ದಲ್ಲ. ಸಾಲುಗಳ ನಡುವಿನ ಅಂತರ ಒಂದೇ ಥರ ಇದ್ದರೆ ಸಾಕು, ಸಾಲು ಬಾಗಿದರೂ ಕಣ್ಣಿಗೆ ಹಿತ ಅನ್ನೋದನ್ನು ನಾನು ಆ ಕೌದಿಗಳನ್ನು ನೋಡಿಯೇ ಕಲಿತದ್ದು.

ಗಂಟು ಎಲ್ಲಿ ಬಚ್ಚಿಡುವುದು ಅನ್ನೋ ಪ್ರಶ್ನೆ ನಿಮಗೂ ಬರುತ್ತೆ. ಒಳಗೆ ಹತ್ತಿ ಇರುವುದರಿಂದ ಗಂಟನ್ನು ಮೆಲ್ಲಗೆ ಜಗ್ಗಿದರೆ ಮೇಲ್ಬಟ್ಟೆ ದಾಟಿ ಒಳಗೆ ಕೂರುತ್ತೆ. ಪರ್ಲ್ 8ರ ಗಂಟು ದೊಡ್ಡದು, ಹಳೆಯ ಸೀರೆಯಲ್ಲಿ ಎಳೆ ಕಡಿಯಬಹುದು. ಸೀರೆಯ ತುಂಡಿನ ಮೇಲೆ ಗಂಟೇ ಹಾಕಬೇಡಿ. ಕಸೂತಿಯಲ್ಲಿ ಗವಂತಿ, ಮುರ್ಗಿ ಅನ್ನೋ ಹೊಲಿಗೆ ಹಾಕುವಾಗ ಗಂಟಿಲ್ಲದೆ ದಾರ ಶುರು ಮಾಡುತ್ತೇವಲ್ಲ, ಹಾಗೇ. ಸಾಲು ಶುರುವಾಗುವ ಜಾಗದಿಂದ ಎರಡು ಇಂಚು ಆಚೆ ಸೂಜಿ ಇಳಿಸಿ, ಹತ್ತಿಯ ಪದರದಲ್ಲೇ ಓಡಿಸಿ, ಸಾಲಿನ ತಲೆಯಲ್ಲಿ ಮೇಲೆ ತನ್ನಿ. ಒಂದು ಹಿಮ್ಮುಖ ಹೊಲಿಗೆ (ಬ್ಯಾಕ್ ಸ್ಟಿಚ್) ಹಾಕಿ ಬಿಗಿ ಮಾಡಿ ಮುಂದೆ ಹೋಗಿ. ಬಾಲವನ್ನು ಬಟ್ಟೆಯ ಮಟ್ಟಕ್ಕೆ ಕತ್ತರಿಸಿ.

ದಿನದ ಕೆಲಸ ಮುಗಿದ ಮೇಲೆ ಸೂಜಿಯನ್ನು ಕೌದಿಯಲ್ಲೇ ಚುಚ್ಚಿ ಬಿಡಬೇಡಿ, ಮಳೆಗಾಲದಲ್ಲಂತೂ ಖಂಡಿತ ಬೇಡ. ಬೆವರು ಹತ್ತಿದ ಸೂಜಿ ತುಕ್ಕು ಹಿಡಿದು ಬಟ್ಟೆಗೆ ಕಂದು ಚುಕ್ಕೆ ಮಾಡುತ್ತೆ. ಮೊನೆ ಮೊಂಡಾದ, ಮೈ ಒರಟಾದ ಸೂಜಿಯನ್ನು ಎಸೆದುಬಿಡಿ.

ಕೊನೆಗೆ, ಈಗಾಗಲೇ ಆರು ಎಳೆಯಲ್ಲಿ ಹೊಲಿದ ಸಾಲುಗಳನ್ನು ಏನು ಮಾಡುವುದು? ಚೂಡಿದಾರ್ ಬಟ್ಟೆಯ ಮೇಲಿನವು ಗಟ್ಟಿಯಾಗಿದ್ದರೆ ಹಾಗೇ ಇರಲಿ, ಪಕ್ಕದಲ್ಲಿ ಪರ್ಲ್ ಸಾಲು ಬಂದರೆ ಅದೂ ಒಂದು ವಿನ್ಯಾಸ ಆಗುತ್ತೆ. ಸೀರೆಯ ಮೇಲೆ ಜುಂಗೆದ್ದವನ್ನು ಬಿಚ್ಚಿ. ಎಳೆದು ತೆಗೆಯಬೇಡಿ. ನಾಲ್ಕು ಹೊಲಿಗೆಗೊಂದು ಕತ್ತರಿ ಹಾಕಿ, ಹಿಂಬದಿಯಿಂದ ತುಂಡು ತುಂಡಾಗಿ ಆಯ್ದು ತೆಗೆಯಿರಿ. ಉಳಿದ ತೂತುಗಳ ಮೇಲೆ ನೀರು ಚಿಮುಕಿಸಿ, ಉಗುರಿನ ಬೆನ್ನಿನಿಂದ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮೆಲ್ಲಗೆ ಉಜ್ಜಿ. ನೂಲು ಕಡಿದಿಲ್ಲದಿದ್ದರೆ ಎಳೆಗಳು ಸರಿದು ಕೂಡಿಕೊಳ್ಳುತ್ತವೆ. ಒಣಗಿದ ಮೇಲೆ ಅದೇ ಸಾಲಿನ ಮೇಲೆ ಪರ್ಲ್ 8, ಕ್ರೂವೆಲ್ 4 ಹಿಡಿದು ಮತ್ತೆ ಶುರು ಮಾಡಿ.